ಟೇಲರ್ ಸಾಹೇಬನ ಕ್ರೈಮ್ ಕಾದಂಬರಿಯೂ ನಮ್ಮ ಸೊಸೈಟಿಯ ಗೇಟೂ

2025ರಲ್ಲಿ 'ಥಗ್ ಲೈಫ್' ಸಿನಿಮಾದ ನೆಪದಲ್ಲಿ ನಾವೆಲ್ಲ ಒಂದು ಸುತ್ತು ಜಗಳ ಆಡಿ ಮುಗಿಸಿದೆವು. ಕನ್ನಡ ಯಾವ ಭಾಷೆಯಿಂದ ಹುಟ್ಟಿತು, ಯಾರು ಯಾರ ಕ್ಷಮೆ ಕೇಳಬೇಕು, ಸಿನಿಮಾ ಕರ್ನಾಟಕದಲ್ಲಿ ಬಿಡುಗಡೆಯಾಗಬೇಕೋ ಬೇಡವೋ ಎಂದು ವಾಟ್ಸಾಪ್ ಗುಂಪುಗಳಲ್ಲಿ ರಾತ್ರಿಯೆಲ್ಲ ಟೈಪ್ ಮಾಡಿದೆವು. ಆ ಶೀರ್ಷಿಕೆಯ ಮೊದಲ ಪದದ ಬಗ್ಗೆ ಮಾತ್ರ ನಮಗೆ ಏನೂ ಅನ್ನಿಸಲಿಲ್ಲ. ಕಪ್ಪು ಕನ್ನಡಕದ ಮೀಮ್‌ಗಳಲ್ಲಿ, ಟೀ ಶರ್ಟುಗಳ ಮೇಲೆ, ಕಾಲೇಜು ಹುಡುಗರ ಬಾಯಲ್ಲಿ ಆರಾಮಾಗಿ ಓಡಾಡಿಕೊಂಡಿರುವ ಈ 'ಥಗ್' ಹುಟ್ಟಿದ್ದು ಅಮೆರಿಕದ ಬೀದಿಯಲ್ಲಲ್ಲ. ಅದು ನಮ್ಮ 'ಠಕ್ಕ'ನ ದಾಯಾದಿ. ಅದನ್ನು ಇಂಗ್ಲಿಷ್ ಓದುಗರ ಮನೆ ಮನೆಗೆ ತಲುಪಿಸಿದ ಕಾದಂಬರಿಕಾರ ತನ್ನ ಸೈನಿಕ ವೃತ್ತಿಯನ್ನು ಶುರು ಮಾಡಿದ್ದು ಔರಂಗಾಬಾದಿನಲ್ಲಿ, ಅಂದರೆ ಈ ಪತ್ರಿಕೆಯನ್ನು ಓದುವ ನಮ್ಮಲ್ಲಿ ಹಲವರು ಇವತ್ತು ಬಾಡಿಗೆ ಮನೆ ಮಾಡಿಕೊಂಡಿರುವ ಛತ್ರಪತಿ ಸಂಭಾಜಿನಗರದಲ್ಲಿ. ಹೆಸರು ಮಾಡಿದ್ದು ನಮ್ಮ ಸುರಪುರದಲ್ಲಿ. ನಿವೃತ್ತನಾಗಿ ನೆಲೆಸಿದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಹೆಸರು ಫಿಲಿಪ್ ಮೆಡೋಸ್ ಟೇಲರ್.

ಕನ್ನಡದಲ್ಲಿ ಟೇಲರ್ ಅಂದರೆ ಒಬ್ಬ ಒಳ್ಳೆಯ ಬಿಳಿ ಅಧಿಕಾರಿ. ಸುರಪುರದ ಬಾಲರಾಜನಿಗೆ 'ಅಪ್ಪಾ' ಆಗಿದ್ದವನು, ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದವನು, ರಾಜನಕೋಳೂರಿನ ಬೃಹತ್ ಶಿಲಾಸಮಾಧಿಗಳನ್ನು ಜಗತ್ತಿಗೆ ತೋರಿಸಿಕೊಟ್ಟವನು. ಕನ್ನಡ ಸಂಘಗಳ ವೇದಿಕೆಯಲ್ಲಿ ಕಲ್ಯಾಣ ಕರ್ನಾಟಕದ ಮಾತು ಬಂದಾಗ ಅವನ ಆತ್ಮಕಥೆಯ ಉಲ್ಲೇಖ ತಪ್ಪುವುದಿಲ್ಲ. ನನ್ನ ತಕರಾರು ಇಷ್ಟೇ: ಟೇಲರ್ ಮೊದಲು ಒಬ್ಬ ಕ್ರೈಮ್ ಕಾದಂಬರಿಕಾರ. ಅವನನ್ನು ಹಾಗೆಯೇ ಓದಬೇಕು. ಹಾಗೆ ಓದದೆ ಅವನನ್ನು ಚರಿತ್ರೆಕಾರನ ಕುರ್ಚಿಯಲ್ಲಿ ಕೂರಿಸಿದ್ದರ ಬೆಲೆಯನ್ನು ನಾವಂತೂ ತೆತ್ತಿಲ್ಲ. ತೆತ್ತವರು ಬೇರೆ ಜನ, ಇವತ್ತಿಗೂ ತೆರುತ್ತಿದ್ದಾರೆ.

ಮೊದಲು ಅವನ ವೃತ್ತಿಜೀವನವನ್ನೇ ನೋಡಿ. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಹುಡುಗ ಹದಿನೈದನೆಯ ವಯಸ್ಸಿಗೆ ಮುಂಬೈಯ ಒಬ್ಬ ವ್ಯಾಪಾರಿಯ ಬಳಿ ಗುಮಾಸ್ತನಾಗಿ ಬಂದ. ಬಂದು ನೋಡಿದರೆ ವ್ಯಾಪಾರಿಯೇ ಸಾಲದಲ್ಲಿ ಮುಳುಗಿದ್ದ. ಆಫರ್ ಲೆಟರ್ ನಂಬಿಕೊಂಡು ಊರು ಬಿಟ್ಟು ಬಂದು, ಕಂಪನಿಯೇ ಮುಚ್ಚುತ್ತಿದೆ ಎಂದು ತಿಳಿದಾಗ ಆಗುವ ಸಂಕಟ ನಮ್ಮಲ್ಲಿ ಕೆಲವರಿಗೆ ಚೆನ್ನಾಗಿ ಗೊತ್ತು. 1824ರಲ್ಲಿ ಹೇಗೋ ನಿಜಾಮನ ಸೈನ್ಯದಲ್ಲಿ ಹುದ್ದೆ ಸಿಕ್ಕಿ ಔರಂಗಾಬಾದಿಗೆ ಹೋದ. ಶಾಲೆಯ ಓದು ಅಷ್ಟಕ್ಕಷ್ಟೆ. ಭಾಷೆ, ಕಾನೂನು, ಸರ್ವೆ, ಚಿತ್ರಕಲೆ ಎಲ್ಲವನ್ನೂ ತಾನಾಗಿ ಕಲಿತ. 1820ರ ದಶಕದ ಕೊನೆಯಲ್ಲಿ ನಿಜಾಮನ ಸೀಮೆಯಲ್ಲೇ ಪೊಲೀಸ್ ಕೆಲಸ ಮಾಡಿದ. 1839ರಲ್ಲಿ ಲಂಡನ್‌ನ ರಿಚರ್ಡ್ ಬೆಂಟ್ಲಿ ಮೂರು ಸಂಪುಟಗಳಲ್ಲಿ ಅವನ ಮೊದಲ ಕಾದಂಬರಿಯನ್ನು ಪ್ರಕಟಿಸಿದ: 'ಕನ್ಫೆಷನ್ಸ್ ಆಫ್ ಎ ಥಗ್', ಒಬ್ಬ ಥಗ್ಗನ ತಪ್ಪೊಪ್ಪಿಗೆ. ಪುಸ್ತಕ ಬೆಂಕಿಯಂತೆ ಹಬ್ಬಿತು. ವಿಕ್ಟೋರಿಯಾ ರಾಣಿ ಅಚ್ಚಿನ ಕರಡು ಹಾಳೆಗಳನ್ನೇ ತರಿಸಿಕೊಂಡು ಓದಿದಳು ಎಂಬ ಮಾತು ಅದಕ್ಕೆ ಅಂಟಿಕೊಂಡೇ ಬಂದಿದೆ.

ಆಮೇಲೆ 1840ರಲ್ಲಿ ಟಿಪ್ಪುವಿನ ಮೇಲೊಂದು ಕಾದಂಬರಿ. 1841ರಿಂದ 1853ರವರೆಗೆ ಸುರಪುರ. ಅದೇ ವರ್ಷಗಳಲ್ಲಿ ಲಂಡನ್ನಿನ 'ಟೈಮ್ಸ್'ಗೆ ವರದಿಗಾರಿಕೆ. ನಂತರ ನಳದುರ್ಗ, ಬುಲ್ಢಾಣಾ. 1860ರಲ್ಲಿ ನಿವೃತ್ತಿ. ಡಬ್ಲಿನ್ ಅಂಚಿನ ಹೆರಾಲ್ಡ್ಸ್ ಕ್ರಾಸ್‌ನ ಓಲ್ಡ್ ಕೋರ್ಟ್ ಎಂಬ ಮನೆಯಲ್ಲಿ ಕೂತು 'ತಾರಾ', 'ರಾಲ್ಫ್ ಡಾರ್ನೆಲ್', 'ಸೀತಾ' ಬರೆದ. ಸುರಪುರ ಸೀಮೆಯ ಕಲ್ಲುಸಮಾಧಿಗಳ ಬಗ್ಗೆ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿ ಪ್ರಬಂಧ ಪ್ರಕಟಿಸಿದ. 1876ರಲ್ಲಿ ತೀರಿಕೊಂಡ. ಮರುವರ್ಷ ಮಗಳು ಅವನ ಆತ್ಮಕಥೆಯನ್ನು ಸಂಪಾದಿಸಿ ಹೊರತಂದಳು. ಅವನನ್ನು ಐರಿಷ್ ಲೇಖಕ ಎನ್ನಬೇಕೋ ಇಂಗ್ಲಿಷ್ ಲೇಖಕ ಎನ್ನಬೇಕೋ ಎಂದು ವಿದ್ವಾಂಸರು ಎಳೆದಾಡಲಿ. ಹುಟ್ಟೂರು ಒಂದು, ದುಡಿದ ಊರು ಇನ್ನೊಂದು, ಬರೆದ ಊರು ಮತ್ತೊಂದು ಆಗಿರುವ ನಮಗೆ ಆ ಪ್ರಶ್ನೆ ಅಷ್ಟು ದೊಡ್ಡದೆನಿಸದು.

ಒಂದು ತಾರೀಖನ್ನು ಗಮನಿಸಿ. ಪತ್ತೇದಾರಿ ಕಥೆಯ ತಾಯಿಬೇರು ಎಂದು ಎಲ್ಲರೂ ತೋರಿಸುವ ಎಡ್ಗರ್ ಅಲನ್ ಪೋನ ರೂ ಮೋರ್ಗ್ ಕೊಲೆಗಳ ಕಥೆ ಬಂದದ್ದು 1841ರಲ್ಲಿ. ವಿಲ್ಕಿ ಕಾಲಿನ್ಸ್‌ನ 'ಮೂನ್‌ಸ್ಟೋನ್' 1868. ಕಾನನ್ ಡಾಯ್ಲ್ ಆಗ್ರಾದ ನಿಧಿಯನ್ನು ಷರ್ಲಾಕ್ ಹೋಮ್ಸ್‌ನ ಕಥೆಯೊಳಗೆ ತಂದದ್ದು 1890. ನಮ್ಮ ದಖನ್ನಿನ ದಾರಿಗಳ ಮೇಲೆ ನಡೆಯುವ ಟೇಲರನ ಕೊಲೆಗಳ ಕಾದಂಬರಿ ಇವೆಲ್ಲಕ್ಕಿಂತ ಮೊದಲಿನದು. ಅಂದರೆ ಆಧುನಿಕ ಕ್ರೈಮ್ ಫಿಕ್ಷನ್‌ನ ಹುಟ್ಟಿನ ಕೋಣೆಯಲ್ಲಿ ನಮ್ಮ ನೆಲವೂ ಇತ್ತು, ಆರೋಪಿಯ ಜಾಗದಲ್ಲಿ.

ಕಾದಂಬರಿಯ ಕಸುಬು ಸಣ್ಣದಲ್ಲ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ. ಅಮೀರ್ ಅಲಿ ಏಳುನೂರಕ್ಕೂ ಹೆಚ್ಚು ಕೊಲೆಗಳಲ್ಲಿ ಪಾಲುದಾರ. ಈಗ ಸಿಕ್ಕಿಬಿದ್ದು, ಮಾಫಿ ಸಾಕ್ಷಿಯಾಗಿ, ಒಬ್ಬ ಸಾಹೇಬನ ಮುಂದೆ ಕೂತು ತನ್ನ ಬದುಕನ್ನು ಹೇಳುತ್ತಾನೆ. ಚಿಕ್ಕಂದಿನಲ್ಲಿ ಅವನ ತಂದೆತಾಯಿಯನ್ನು ಕೊಂದವರೇ ಅವನನ್ನು ಸಾಕಿದವರು. ಮುಂದೆ ತನ್ನ ಒಡಹುಟ್ಟಿದವಳನ್ನೇ ಗುರುತು ಸಿಗದೆ ಕೊಂದಿದ್ದಾನೆ. ಅದು ತಾಯತದ ಮೂಲಕ ತಡವಾಗಿ ಬಯಲಾಗುತ್ತದೆ. ಓದುವವನು ಕೊಲೆಗಾರನ ತಲೆಯೊಳಗೆ ಕೂತು ಬಲಿಯ ಹಿಂದೆ ನಡೆಯಬೇಕು. ಇವತ್ತು ವೆಬ್ ಸೀರೀಸ್‌ಗಳು ಹೊಸದೆಂದು ಮಾರುವ ತಂತ್ರ ಇದೇ.

ಇಷ್ಟೊಂದು ಪ್ಲಾಟ್ ಇರುವ ಪುಸ್ತಕವನ್ನು ಜನ 'ದಾಖಲೆ' ಎಂದು ಹೇಗೆ ಓದಿದರು? ಇಂಗ್ಲಿಷರ ಕಾರಣ ಸುಲಭ. ಅವರಿಗೆ ಅದು ಬೇಕಿತ್ತು. ತಾವು ಈ ದೇಶದಲ್ಲಿ ಏಕಿದ್ದೇವೆ ಎಂಬ ಪ್ರಶ್ನೆಗೆ, ದಾರಿಹೋಕರ ಕೊರಳಿಗೆ ರುಮಾಲು ಬಿಗಿಯುವ ಜನರಿಂದ ದಾರಿಹೋಕರನ್ನು ಕಾಯಲು ಎಂಬುದಕ್ಕಿಂತ ಒಳ್ಳೆಯ ಉತ್ತರ ಎಲ್ಲಿ ಸಿಕ್ಕೀತು? ನಮ್ಮ ಕಾರಣ ಬೇರೆ. ಕನ್ನಡದ ವಿಮರ್ಶೆ ಕ್ರೈಮ್ ಕಾದಂಬರಿಯನ್ನು ಓದುವುದನ್ನೇ ಕಲಿಯಲಿಲ್ಲ. ಎನ್. ನರಸಿಂಹಯ್ಯ ನೂರಾರು ಪತ್ತೇದಾರಿ ಕಾದಂಬರಿ ಬರೆದು ಒಂದಿಡೀ ತಲೆಮಾರಿಗೆ ಕನ್ನಡ ಓದಿನ ಚಟ ಹಿಡಿಸಿದರು. ಬಾಡಿಗೆ ಲೈಬ್ರರಿಗಳು ಅವರ ಮೇಲೆ ನಡೆದವು. ಸಾಹಿತ್ಯ ಚರಿತ್ರೆಗಳಲ್ಲಿ ಅವರಿಗೆ ಸಿಗುವುದು ಒಂದು ಸಾಲು. ಕನ್ನಡ ಬಾವುಟ ಕಟ್ಟಿಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರು. ಬಾವುಟ ನೆನಪಿದೆ, ಕಾದಂಬರಿ ಮರೆತಿದ್ದೇವೆ. ಮರಾಠಿಯಲ್ಲೂ ಕಥೆ ಬೇರೆಯಲ್ಲ. ಬಾಬುರಾವ್ ಅರ್ನಾಳಕರ್ ರಾಶಿ ರಾಶಿ ರಹಸ್ಯಕಥೆ ಬರೆದರು. ಅವನ್ನು ಓದಿ ಬೆಳೆದವರೇ ದೊಡ್ಡವರಾದ ಮೇಲೆ ಅದನ್ನು ಹೇಳಿಕೊಳ್ಳಲು ನಾಚಿದರು.

ಹೀಗೆ ನಾಚಿಕೊಂಡ ಸಮಾಜಕ್ಕೆ ಒಂದು ಶಿಕ್ಷೆ ಇದೆ. ಕ್ರೈಮ್ ಕಾದಂಬರಿ ಕೋಟು ಟೈ ಹಾಕಿಕೊಂಡು, ಚರಿತ್ರೆ ಎಂಬ ಬ್ಯಾಡ್ಜ್ ಸಿಕ್ಕಿಸಿಕೊಂಡು ಬಂದರೆ ಅದನ್ನು ಗುರುತಿಸಲು ಬರುವುದಿಲ್ಲ. ನರಸಿಂಹಯ್ಯನವರ ಓದುಗನಾದ ಸೈಕಲ್ ಅಂಗಡಿಯವನು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಿದ್ದ: ಈ ಕಥೆ ಹೇಳುತ್ತಿರುವವನು ಯಾರು, ಇದರಿಂದ ಅವನಿಗೇನು ಲಾಭ? ಪ್ರಬಂಧ ಮಂಡಿಸುವ ನಾವು ಅದನ್ನು ಕೇಳಲಿಲ್ಲ.

ಕೇಳಿ ನೋಡೋಣ. ಅಮೀರ್ ಅಲಿ ಮಾಫಿ ಸಾಕ್ಷಿ. ಹೇಳಿದಷ್ಟೂ ಅವನಿಗೆ ಜೀವದಾನ. ಹೆಸರು ಹೆಚ್ಚು ಹೇಳಿದರೆ ಬೆಲೆ ಹೆಚ್ಚು, ಕಥೆ ಭೀಕರವಾದಷ್ಟೂ ಅವನು ಮುಖ್ಯ. ಇದು ಕಾದಂಬರಿಯ ಪಾತ್ರಕ್ಕೆ ಮಾತ್ರ ಸೇರಿದ್ದಲ್ಲ. ವಿಲಿಯಂ ಸ್ಲೀಮನ್ ನಡೆಸಿದ ಥಗ್ಗಿ ಇಲಾಖೆ ನಿಂತದ್ದೇ ಮಾಫಿ ಸಾಕ್ಷಿಗಳ ಹೇಳಿಕೆಗಳ ಮೇಲೆ. 1836ರ 30ನೆಯ ಕಾಯಿದೆಯಂತೆ ಒಬ್ಬನು ಇಂಥ ದಿನ ಇಂಥವನನ್ನು ಕೊಂದ ಎಂದು ಸಾಬೀತು ಮಾಡುವ ಅಗತ್ಯವೂ ಇರಲಿಲ್ಲ. ಥಗ್ಗರ ಗುಂಪಿಗೆ ಸೇರಿದ್ದ ಎಂದು ತೋರಿಸಿದರೆ ಸಾಕು, ಜೀವಾವಧಿ ಕಠಿಣ ಶಿಕ್ಷೆ. ಕಾಯಿದೆ ಬರುವ ಮೊದಲಿನ ಕಾಲಕ್ಕೂ ಅದು ಅನ್ವಯ. ಏನು ಮಾಡಿದ ಎನ್ನುವುದರ ಜಾಗದಲ್ಲಿ ಯಾರು ಅವನು ಎನ್ನುವುದು ಬಂದು ಕೂತಿತು.

'ಕಾಯಿದೆ 1836ರದ್ದು, ಕಾದಂಬರಿ 1839ರದ್ದು, ಹಾಗಾಗಿ ಟೇಲರನದೇನು ತಪ್ಪು' ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಕಾಯಿದೆಯನ್ನು ಟೇಲರ್ ಬರೆಯಲಿಲ್ಲ. ಅವನು ಮಾಡಿದ್ದು ಅದಕ್ಕಿಂತ ಬಾಳಿಕೆಯ ಕೆಲಸ. ಕಾಯಿದೆಯನ್ನು ವಕೀಲರಷ್ಟೇ ಓದುತ್ತಾರೆ, ಕಾದಂಬರಿಯನ್ನು ರಾಣಿಯಿಂದ ಗುಮಾಸ್ತನವರೆಗೆ ಎಲ್ಲರೂ ಓದುತ್ತಾರೆ. ಕೆಲವರು ಹುಟ್ಟಿನಿಂದಲೇ ಕಳ್ಳರು, ಅವರ ಮಕ್ಕಳೂ ಕಳ್ಳರು, ಅದು ಅವರ ಧರ್ಮ ಎಂಬ ಭಾವನೆಯನ್ನು ಆ ಪುಸ್ತಕ ಸಾಮಾನ್ಯ ಜ್ಞಾನವಾಗಿಸಿತು. ಅಂಥ ಸಾಮಾನ್ಯ ಜ್ಞಾನ ಇದ್ದದ್ದರಿಂದಲೇ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂದಾಗ ಯಾರಿಗೂ ಅದು ವಿಚಿತ್ರ ಎನಿಸಲಿಲ್ಲ.

ಇನ್ನೊಂದು ಆಕ್ಷೇಪ: 'ಹಾಗಾದರೆ ಥಗ್ಗರೇ ಇರಲಿಲ್ಲವೇ?' ಇದ್ದರು. ದಾರಿಯಲ್ಲಿ ಕೊಂದು ದೋಚುವ ಗುಂಪುಗಳಿದ್ದವು, ಸತ್ತವರೂ ನಿಜದ ಮನುಷ್ಯರೇ. ಎಲ್ಲವೂ ಬ್ರಿಟಿಷರ ಕಟ್ಟುಕಥೆ ಎಂದು ಕೈ ತೊಳೆದುಕೊಳ್ಳುವುದು ಸೋಮಾರಿತನ. ಕಿಮ್ ವ್ಯಾಗ್ನರ್ ಥರದ ಇತಿಹಾಸಕಾರರು ತೋರಿಸಿಕೊಟ್ಟಿರುವುದು ಬೇರೆ ಸಂಗತಿ. ಸೈನ್ಯಗಳು ಚದುರಿ ಕೆಲಸ ಕಳೆದುಕೊಂಡವರು, ಸ್ಥಳೀಯ ಜಮೀನುದಾರರ ಆಸರೆಯಲ್ಲಿದ್ದವರು, ಸುಗ್ಗಿಗೂ ಸುಗ್ಗಿಗೂ ನಡುವೆ ದರೋಡೆಗೆ ಇಳಿದವರು, ಹೀಗೆ ಬೇರೆ ಬೇರೆ ಕಾರಣದ ಬೇರೆ ಬೇರೆ ಜನ. ಇವರನ್ನೆಲ್ಲ ಒಂದು ದೇವಿ, ಒಂದು ಗುಪ್ತಭಾಷೆ, ಒಂದು ರಕ್ತ ಎಂಬ ಹಗ್ಗದಲ್ಲಿ ಕಟ್ಟಿ ಒಂದೇ ಪಂಥ ಮಾಡಿದ್ದು ದಫ್ತರ ಮತ್ತು ಕಾದಂಬರಿ. ಹಸಿವೆ, ಕೆಲಸ, ಯಜಮಾನ ಇವು ಕಥೆಯಿಂದ ಬಿದ್ದುಹೋದವು. ಸ್ವಭಾವ ಮಾತ್ರ ಉಳಿಯಿತು.

ಮೂರನೆಯ ಆಕ್ಷೇಪ ನಮ್ಮವರದು, ಹೃದಯದಿಂದ ಬರುವಂಥದ್ದು: 'ಸುರಪುರಕ್ಕೆ ಅವನು ಒಳ್ಳೆಯದು ಮಾಡಿದ'. ಮಾಡಿರಬಹುದು. ಜನ ಪ್ರೀತಿಸಿದ್ದೂ ಸುಳ್ಳಲ್ಲ. ಆದರೆ ಒಳ್ಳೆಯ ಅಧಿಕಾರಿ ಎನ್ನುವುದು ಅವನ ಪುಸ್ತಕಗಳಿಗೆ ಕೊಡುವ ಸರ್ಟಿಫಿಕೇಟ್ ಅಲ್ಲ. ನನಗಂತೂ ಅವನ ಕಾದಂಬರಿಗಿಂತ ಆತ್ಮಕಥೆಯೇ ಹೆಚ್ಚು ಅನುಮಾನ ಹುಟ್ಟಿಸುತ್ತದೆ. ಅದರಲ್ಲಿ ರಾಜಾ ವೆಂಕಟಪ್ಪ ನಾಯಕನ ಸಾವಿನ ಭಾಗವನ್ನು ತೆಗೆದು ಓದಿ.

1858ರಲ್ಲಿ ಸುರಪುರ ಬಂಡೆದ್ದಿತು. ಯುವರಾಜ ಸೋತ, ಹೈದರಾಬಾದಿಗೆ ಹೋದ, ಅಲ್ಲಿ ಸಿಕ್ಕಿಬಿದ್ದ. ಮರಣದಂಡನೆ ಆಯಿತು. ಅದು ಕರಿನೀರಿನ ಶಿಕ್ಷೆಗೆ ಇಳಿಯಿತು, ಕೊನೆಗೆ ನಾಲ್ಕು ವರ್ಷದ ಕೋಟೆವಾಸಕ್ಕೆ ಇಳಿಯಿತು. ಕಾವಲಿನಲ್ಲಿ ಸಾಗಿಸುತ್ತಿದ್ದಾಗ ರಾಜ ಕಾವಲು ಅಧಿಕಾರಿಯ ರಿವಾಲ್ವರಿನಿಂದ ಗುಂಡು ಹಾರಿಸಿಕೊಂಡು ಸತ್ತ. ಟೇಲರ್ ಇದನ್ನು ಹೇಳುವಾಗ ಹಿಂದೆಯೇ ಒಂದು ಜಾತಕವನ್ನು ನೆಟ್ಟಿರುತ್ತಾನೆ: ಇಪ್ಪತ್ತನಾಲ್ಕನೆಯ ವಯಸ್ಸಿಗೆ ರಾಜನಿಗೆ ಸಾವು ಎಂಬ ಭವಿಷ್ಯ. ಗುಂಡು ಹಾರುತ್ತಿದ್ದಂತೆ ಜಾತಕ ನಿಜವಾಗುತ್ತದೆ, ಓದುವವನ ಮೈ ಜುಮ್ಮೆನ್ನುತ್ತದೆ.

ಈಗ ನರಸಿಂಹಯ್ಯನವರ ಪತ್ತೇದಾರನನ್ನು ಒಂದು ನಿಮಿಷ ಕರೆಯಿರಿ. ಸತ್ತವನು ಕಾವಲಿನಲ್ಲಿದ್ದ ಕೈದಿ. ಆಯುಧ ಕಾವಲುಗಾರನದು. ಶಿಕ್ಷೆ ಇಳಿದು ನಾಲ್ಕೇ ವರ್ಷಕ್ಕೆ ಬಂದು ನಿಂತಿದೆ. ಕಥೆ ಹೇಳುವವನು ಸ್ಥಳದಲ್ಲಿ ಇರಲಿಲ್ಲ. ಅವನು ಕಾವಲುಗಾರರ ಸರ್ಕಾರದ ನೌಕರ, ಸತ್ತವನ ಮೇಲೆ ಪ್ರೀತಿ ಇದ್ದವನು, ಮೇಲಾಗಿ ಪಳಗಿದ ಕ್ರೈಮ್ ಕಾದಂಬರಿಕಾರ. ಸಾವಿಗೆ ಅವನು ಕೊಡುವ ಕಾರಣ ವಿಧಿ. ಕಸ್ಟಡಿ ಸಾವಿಗೆ ವಿಧಿಗಿಂತ ಅನುಕೂಲದ ಕಾರಣ ಯಾವ ಪೊಲೀಸ್ ಠಾಣೆಗೆ ತಾನೇ ಸಿಕ್ಕಿದೆ? ರಾಜ ಆತ್ಮಹತ್ಯೆ ಮಾಡಿಕೊಳ್ಳಲಿಲ್ಲ ಎಂದು ನಾನು ಸಾಧಿಸಲು ಹೊರಟಿಲ್ಲ. ಸಾಧಿಸಲು ಬೇಕಾದ ಸಾಕ್ಷ್ಯ ಟೇಲರನ ಪುಟಗಳಲ್ಲಿ ಎರಡೂ ಕಡೆಗೆ ಇಲ್ಲ. ಆದರೆ ಆ ಪುಟಗಳನ್ನೇ ಸಾಕ್ಷ್ಯವೆಂದು ಇಟ್ಟು ಭಾಷಣ ಮಾಡುವುದನ್ನು ನಿಲ್ಲಿಸಿ ಎಂದಷ್ಟೇ ಹೇಳುತ್ತಿದ್ದೇನೆ.

ಹಳೆಯ ಪುಸ್ತಕಗಳ ಬಗ್ಗೆ ಇಷ್ಟು ಕೋಪ ಏಕೆ ಎಂದು ನೀವು ಕೇಳಬಹುದು. ಏಕೆಂದರೆ ಪುಸ್ತಕ ಹಳೆಯದಾಯಿತು, ಅದರ ಬೇಲಿ ಹಳೆಯದಾಗಲಿಲ್ಲ. ಅಪರಾಧಿ ಬುಡಕಟ್ಟು ಎಂದು ಹೆಸರು ಹಚ್ಚಿಸಿಕೊಂಡವರನ್ನು ಮುಂಬೈ ಪ್ರಾಂತ್ಯದ ಸರ್ಕಾರ ತಂತಿಬೇಲಿಯ ವಸಾಹತುಗಳಲ್ಲಿ ಕೂಡಿಹಾಕಿತು: ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ, ಗದಗ. ಹಾಜರಿ ಕೊಡಬೇಕು, ಕೇಳದೆ ಹೊರಗೆ ಕಾಲಿಡುವಂತಿಲ್ಲ. ಹುಬ್ಬಳ್ಳಿಯಿಂದ ಬಂದ ಗೆಳೆಯರೇ, ನಿಮ್ಮೂರಿನ 'ಸೆಟ್ಲ್‌ಮೆಂಟ್' ಎಂಬ ಬಡಾವಣೆಗೆ ಆ ಹೆಸರು ಏಕೆ ಬಂತು ಎಂದು ಒಮ್ಮೆ ಯೋಚಿಸಿ. ದೇಶ ಸ್ವತಂತ್ರವಾಗಿ ಐದು ವರ್ಷವಾದ ಮೇಲೆ, 1952ರ ಆಗಸ್ಟ್ 31ರಂದು, ಆ ಕಾಯಿದೆ ರದ್ದಾಯಿತು. ಅಂದಿನಿಂದ ಅವರ ಹೆಸರು 'ವಿಮುಕ್ತ'. ಬೆನ್ನಿಗೇ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು. 2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಮೊಕದ್ದಮೆಯಲ್ಲಿ, ಜೈಲು ಕೈಪಿಡಿಗಳ ಜಾತಿಭೇದದ ನಿಯಮಗಳನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿತು. ವಿಮುಕ್ತ ಸಮುದಾಯದವರನ್ನು ಹುಟ್ಟಾ ಅಪರಾಧಿಗಳಂತೆ ಕಾಣುವ ನಿಯಮಗಳೂ ಅದರಲ್ಲಿದ್ದವು. 2024! ಅಮೀರ್ ಅಲಿ ಅಲ್ಲಿಯವರೆಗೂ ನಮ್ಮ ಜೈಲಿನ ರೂಲ್ ಬುಕ್ಕಿನಲ್ಲಿ ಕೂತಿದ್ದ.

ಬೀದಿಯಲ್ಲಿ ಇನ್ನೂ ಇದ್ದಾನೆ. 2018ರ ಜುಲೈ 1ರಂದು ನಾಸಿಕ್ ಪಕ್ಕದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐವರನ್ನು ಗುಂಪು ಹೊಡೆದು ಕೊಂದಿತು. ಅವರು ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದವರು. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯಿಂದ ಭಿಕ್ಷೆಗೆ ಬಂದವರು. ಬಿಜ್ಜಳನ, ಬಸವಣ್ಣನ ನೆನಪಿರುವ ಅದೇ ಮಂಗಳವೇಢೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶ ಸಾಕಾಯಿತು. ಎರಡು ವಾರದೊಳಗೆ ನಮ್ಮ ಬೀದರ್ ಜಿಲ್ಲೆಯಲ್ಲಿ ಅದೇ ವದಂತಿಗೆ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಬಲಿಯಾದ. ಮೊದಲನೆಯ ಸುದ್ದಿ ಬಂದಾಗ ಸುಮ್ಮನಿದ್ದ ನಮ್ಮ ಆಫೀಸು ಗುಂಪುಗಳು ಎರಡನೆಯದಕ್ಕೆ ಬೆಚ್ಚಿಬಿದ್ದವು. ಸತ್ತವನು ನಮ್ಮ ಹಾಗೆ ಲ್ಯಾಪ್‌ಟಾಪ್ ಇಟ್ಟುಕೊಂಡವನು, ಅದಕ್ಕೆ. ಆ ಬೆಚ್ಚಿಬೀಳುವಿಕೆಯಲ್ಲೂ ಒಂದು ಲೆಕ್ಕ ಇತ್ತು ಎನ್ನುವುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅಪರಾಧಿ ಎಂಬ ಹಣೆಪಟ್ಟಿ ಎಲ್ಲರಿಗೂ ಒಂದೇ ರೀತಿ ಅಂಟುವುದಿಲ್ಲ ಎನ್ನುವುದಕ್ಕೆ ನಾಸಿಕ್‌ಗಿಂತ ಒಳ್ಳೆಯ ಉದಾಹರಣೆ ಬೇಡ. 1909ರ ಡಿಸೆಂಬರ್ 21ರ ರಾತ್ರಿ ಇಲ್ಲಿನ ವಿಜಯಾನಂದ ಥಿಯೇಟರಿನಲ್ಲಿ 'ಸಂಗೀತ ಶಾರದಾ' ನಾಟಕ. ವರ್ಗವಾಗಿ ಹೊರಟಿದ್ದ ಕಲೆಕ್ಟರ್ ಜಾಕ್ಸನ್‌ನ ಗೌರವಾರ್ಥ ಪ್ರಯೋಗ. ಔರಂಗಾಬಾದಿನಲ್ಲಿ ಓದುತ್ತಿದ್ದ ಅನಂತ ಕಾನ್ಹೇರೆ ಎಂಬ ಹುಡುಗ ಬಂದು ಅವನನ್ನು ಗುಂಡಿಟ್ಟು ಕೊಂದ. 1910ರ ಏಪ್ರಿಲ್ 19ರಂದು ಠಾಣೆ ಜೈಲಿನಲ್ಲಿ ಗಲ್ಲಿಗೇರಿದ. ಕೋರ್ಟಿನ ಕಡತದಲ್ಲಿ ಅವನು ಕೊಲೆಗಾರ. ಇವತ್ತು ನಾಸಿಕ್‌ನ ಕ್ರಿಕೆಟ್ ಮೈದಾನಕ್ಕೆ 'ಹುತಾತ್ಮ' ಎಂಬ ಪದದೊಡನೆ ಅವನ ಹೆಸರಿದೆ. ಆ ಗೌರವ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ನಾನು ತೋರಿಸುತ್ತಿರುವುದು ಇಷ್ಟು: ಬರೆಯಲು, ಓದಲು, ಸ್ಮಾರಕ ಕಟ್ಟಲು ಜನ ಇರುವವನ ಮೇಲಿಂದ 'ಕೊಲೆಗಾರ' ಎಂಬ ಪದವನ್ನು ಕೀಳಬಹುದು. ಸರ್ಕಾರದ ಕಡತ ಕೊನೆಯ ಮಾತಲ್ಲ ಎಂದು ನಮಗೆಲ್ಲ ಗೊತ್ತಿದೆ. ಆ ತಿಳುವಳಿಕೆಯನ್ನು ನಾವು ಡವರಿ ಗೋಸಾವಿಗೆ, ಕೈಕಾಡಿಗೆ, ಉಚಲ್ಯಾನಿಗೆ ಕೊಡುವುದಿಲ್ಲ. ಅವರ ವಿಷಯಕ್ಕೆ ಬಂದರೆ ಸ್ಲೀಮನ್‌ನ ಕಡತವೇ ವೇದ.

ನಮ್ಮ ವಿಷಯಕ್ಕೇ ಬರುತ್ತೇನೆ. ನಾನಿರುವ ಸೊಸೈಟಿಯ ಗೇಟಿನಲ್ಲಿ ಎರಡು ರಿಜಿಸ್ಟರ್ ಇವೆ. ಒಂದರಲ್ಲಿ ನಮ್ಮ ಮನೆಗೆ ಬರುವ ನೆಂಟರು ಸಹಿ ಹಾಕುತ್ತಾರೆ. ಇನ್ನೊಂದರಲ್ಲಿ ಕೆಲಸದವರು, ಗಾರೆಯವರು, ಗುಜರಿಯವರು. ಇವರು ಹೊರಡುವಾಗ ಚೀಲ ಬಿಚ್ಚಿ ತೋರಿಸಬೇಕು. ನೋಟಿಸ್ ಬೋರ್ಡಿನಲ್ಲಿ 'ಈ ಜನ' ಬಂದರೆ ಎಚ್ಚರ ಎಂದು ಒಂದು ಸಮುದಾಯದ ಹೆಸರನ್ನೇ ಬರೆದು ಅಂಟಿಸಿದ್ದರು. ಕಿತ್ತುಹಾಕಿ ಎಂದು ಕೇಳಿದ್ದಕ್ಕೆ, 'ನಿಮಗೆ ಗೊತ್ತಿಲ್ಲ ಸರ್, ಅದು ಅವರ ರಕ್ತದಲ್ಲೇ ಇದೆ' ಎಂಬ ಉತ್ತರ ಬಂತು. ಹೇಳಿದವರು ಸಜ್ಜನರು, ಓದಿದವರು. ಟೇಲರನ ಹೆಸರನ್ನೂ ಕೇಳಿರಲಾರರು. ಅವನ ಪುಸ್ತಕ ಅವರನ್ನು ಓದಿಬಿಟ್ಟಿದೆ, ಅಷ್ಟೆ. ಕೆಲಸದವರ ರಿಜಿಸ್ಟರಿನಲ್ಲಿ ಸಹಿ ಹಾಕುವವರಲ್ಲಿ ಯಾದಗಿರಿ, ಕಲಬುರಗಿ ಕಡೆಯ ಗಾರೆಯವರೂ ಇದ್ದಾರೆ. ಟೇಲರನನ್ನು 'ಅಪ್ಪಾ' ಎಂದ ನಾಡಿನ ಮೊಮ್ಮಕ್ಕಳು ಚೀಲ ಬಿಚ್ಚಿ ತೋರಿಸುತ್ತಿದ್ದಾರೆ. ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುವ ನಾವು ಕಾರಿನ ಕಿಟಕಿ ಏರಿಸಿಕೊಂಡು ಅವರ ಪಕ್ಕದಲ್ಲೇ ಹಾದುಹೋಗುತ್ತೇವೆ.

ಇದು ಬೇರೆಯವರ ಕಥೆ ಎಂದು ನೆಮ್ಮದಿಯಿಂದ ಇರಬೇಡಿ. 2008ರ ಫೆಬ್ರವರಿಯಲ್ಲಿ ಹೊರಗಿನವರ ವಿರುದ್ಧ ಎದ್ದ ಗಲಭೆಯಲ್ಲಿ ಇದೇ ನಾಸಿಕ್‌ನ ಕಾರ್ಖಾನೆಗಳಿಂದ ಉತ್ತರ ಭಾರತ��ದ ಸಾವಿರಾರು ಕಾರ್ಮಿಕರು ಗಂಟುಮೂಟೆ ಕಟ್ಟಿ ರೈಲು ಹತ್ತಿದರು. ಗಡಿಯ ಮಾತು ಬಿಸಿಯಾದಾಗಲೆಲ್ಲ ಕೆಎ ನಂಬರಿನ ಗಾಡಿಯನ್ನು ಎಲ್ಲಿ ನಿಲ್ಲಿಸುವುದು ಎಂದು ನಾವೂ ಯೋಚಿಸುತ್ತೇವೆ. ವಲಸೆ ಬಂದವನು ಎಷ್ಟೇ ದೊಡ್ಡ ಪ್ಯಾಕೇಜ್ ತೆಗೆದುಕೊಳ್ಳಲಿ, ಯಾವತ್ತಾದರೂ ಒಂದು ದಿನ 'ನೀನು ಏನು ಮಾಡಿದೆ' ಎಂಬ ಪ್ರಶ್ನೆ ಹೋಗಿ 'ನೀನು ಯಾರವನು' ಎಂಬ ಪ್ರಶ್ನೆ ಬರಬಹುದು. ಆ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಅದನ್ನು ಕಲಿಸಿಕೊಟ್ಟ ಪುಸ್ತಕವನ್ನು ವಲಸಿಗರಾದ ನಾವೇ ಹೊಗಳುತ್ತ ಕೂರುವುದು ವಿಚಿತ್ರ.

ಟೇಲರನನ್ನು ಸುಟ್ಟುಹಾಕಿ ಎಂದು ನಾನು ಹೇಳುತ್ತಿಲ್ಲ. ಕ್ರೈಮ್ ಕಾದಂಬರಿ ಎಂಬ ಪ್ರಕಾರದ ಮೇಲೂ ನನಗೆ ಸಿಟ್ಟಿಲ್ಲ, ಪ್ರೀತಿಯೇ ಇದೆ. ಟೇಲರ್ ನಿವೃತ್ತನಾಗಿ ನೆಲೆಸಿದ್ದ ಅದೇ ಡಬ್ಲಿನ್‌ನಲ್ಲಿ ಮುಂದೆ ಏನಾಯಿತು ನೋಡಿ. ಜಾನ್ ಬ್ಯಾನ್‌ವಿಲ್ 2005ರಲ್ಲಿ 'ದಿ ಸೀ' ಕಾದಂಬರಿಗೆ ಬುಕರ್ ಪಡೆದವರು. ಮರುವರ್ಷ ಬೆಂಜಮಿನ್ ಬ್ಲ್ಯಾಕ್ ಎಂಬ ಹೆಸರಿನಲ್ಲಿ 'ಕ್ರಿಸ್ಟೀನ್ ಫಾಲ್ಸ್' ಎಂಬ ಕ್ರೈಮ್ ಕಾದಂಬರಿ ಪ್ರಕಟಿಸಿದರು. ಅದರಲ್ಲಿ ಶವಪರೀಕ್ಷೆಯ ವೈದ್ಯನೊಬ್ಬ ಹುಡುಕುತ್ತ ಹೋದಂತೆ ಸಿಗುವ ಅಪರಾಧಿಗಳು ಅಲೆಮಾರಿಗಳಲ್ಲ, ಬಡವರ ಕೂಸುಗಳನ್ನು ಸಾಗಿಸುವ ಪ್ರತಿಷ್ಠಿತರು, ಚರ್ಚಿನ ನೆರಳಿನಲ್ಲಿ ನಿಂತವರು. ಕಡೆಗೆ 2020ರಲ್ಲಿ 'ಸ್ನೋ' ಎಂಬ ಪತ್ತೇದಾರಿ ಕಾದಂಬರಿಯನ್ನು ಅವರು ತಮ್ಮ ಸ್ವಂತ ಹೆಸರಿನಲ್ಲೇ ತಂದರು. ಕ್ರೈಮ್ ಬರೆಯಲು ಮರೆಹೆಸರು ಬೇಕಿಲ್ಲ ಎನ್ನುವುದು ಒಂದು ಪಾಠ. ಪತ್ತೇದಾರನ ದೀಪವನ್ನು ಯಾರ ಮುಖದತ್ತ ಹಿಡಿಯುತ್ತೀರಿ ಎನ್ನುವುದು ಅದಕ್ಕಿಂತ ದೊಡ್ಡ ಪಾಠ. ಟೇಲರ್ ಅದನ್ನು ಕೆಳಗೆ ಹಿಡಿದ, ಇವರು ಮೇಲಕ್ಕೆತ್ತಿ ಹಿಡಿದರು.

ನಮ್ಮಲ್ಲಿ ತೇಜಸ್ವಿ ಆ ಕೆಲಸ ಮಾಡಿದ್ದರು. 'ಚಿದಂಬರ ರಹಸ್ಯ' ಒಂದು ಸಾವಿನ ತನಿಖೆಯನ್ನು ಇಟ್ಟುಕೊಂಡು ಇಡೀ ಊರಿನ ಒಳಗನ್ನು ಬಗೆದು ತೋರಿಸಿತು, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಪಡೆಯಿತು. ಮರಾಠಿಯಲ್ಲಿ ಇನ್ನೊಂದು ದಾರಿ ತೆರೆಯಿತು. ಲಕ್ಷ್ಮಣ ಮಾನೆ 'ಉಪರಾ'ದಲ್ಲಿ, ಲಕ್ಷ್ಮಣ ಗಾಯಕವಾಡ 'ಉಚಲ್ಯಾ'ದಲ್ಲಿ, ಯಾರ ಜನರನ್ನು ಕಳ್ಳರೆಂದು ಬರೆದಿದ್ದರೋ ಆ ಜನರ ಬಾಯಿಂದಲೇ ಮಾತಾಡಿದರು. ಅಲ್ಲಿ ಎದುರಿಗೆ ಸಾಹೇಬ ಕೂತಿಲ್ಲ. ಮಾಫಿ ಕೇಳುವ ಅಗತ್ಯವೂ ಇಲ್ಲ. ಹಾಗಾಗಿಯೇ ಅಮೀರ್ ಅಲಿಯ ಕಥೆಯಿಂದ ಬಿದ್ದುಹೋಗಿದ್ದ ಹಸಿವೆ, ಪೊಲೀಸು, ಯಜಮಾನ ಮೂವರೂ ಅಲ್ಲಿ ಮರಳಿ ಬಂದಿದ್ದಾರೆ. ನಾಸಿಕ್, ಸಂಭಾಜಿನಗರದಲ್ಲಿರುವ ನಮಗೆ ಒಂದು ಅನುಕೂಲ ಇದೆ: ದೇವನಾಗರಿ ಬರುತ್ತದೆ, ಮರಾಠಿ ಕಿವಿಗೆ ಬಿದ್ದು ಬಿದ್ದು ಅರ್ಥವಾಗುತ್ತದೆ. ಆ ಪುಸ್ತಕಗಳನ್ನು ಮೂಲದಲ್ಲೇ ಓದಬಹುದು.

ಹಾಗಾಗಿ ಕನ್ನಡ ಸಂಘಗಳಿಗೆ, ಓದು ಬಳಗಗಳಿಗೆ, ಇಲ್ಲಿ ಪಿಎಚ್‌ಡಿ ಮಾಡುತ್ತಿರುವ ವಿದ್ಯಾರ್ಥಿಗಳಿಗೆ ನನ್ನ ಬೇಡಿಕೆ ಸರಳ. ಟೇಲರನ ಬಗ್ಗೆ ಉಪನ್ಯಾಸ ಇಡುವುದಾದರೆ ಅದೇ ದಿನ 'ಉಚಲ್ಯಾ'ದ ಬಗ್ಗೆಯೂ ಒಂದು ಇಡಿ. ಅವನ ಆತ್ಮಕಥೆಯಿಂದ ಉಲ್ಲೇಖಿಸುವಾಗ 'ಕಾದಂಬರಿಕಾರ ಟೇಲರ್ ಹೇಳುವ ಪ್ರಕಾರ' ಎಂದು ಸೇರಿಸಿ, ನಾಲ್ಕು ಪದದ ಖರ್ಚು. ವೆಂಕಟಪ್ಪ ನಾಯಕನ ಸಾವನ್ನು ಜಾತಕದಿಂದ ಬಿಡಿಸಿ ಮತ್ತೆ ತನಿಖೆಗೆ ಎತ್ತಿಕೊಳ್ಳಿ. ಹೈದರಾಬಾದಿನ, ಚೆನ್ನೈಯ ದಫ್ತರಗಳಲ್ಲಿ ಕೂತು ಹುಡುಕುವ ವಯಸ್ಸು, ಭಾಷೆ ಎರಡೂ ನಿಮಗಿದೆ. ಇನ್ನು ಕ್ರೈಮ್ ಬರೆಯುವ ಹೊಸ ಹುಡುಗ ಹುಡುಗಿಯರು ಇದನ್ನು ಓದುತ್ತಿದ್ದರೆ: ಗೇಟಿನ ಹೊರಗೆ ಚೀಲ ಬಿಚ್ಚಿ ನಿಂತವನನ್ನು ಮೊದಲ ಅಧ್ಯಾಯದಲ್ಲೇ ಅನುಮಾನಿಸಬೇಡಿ. ಫ್ಲ್ಯಾಟ್ ಯಾರ ಜಮೀನಿನ ಮೇಲೆ ಎದ್ದಿದೆ, ಗಾರೆಯವನ ಕೂಲಿ ಯಾರ ಜೇಬಿನಲ್ಲಿ ಉಳಿದಿದೆ ಎಂದು ನಿಮ್ಮ ಪತ್ತೇದಾರ ಕೇಳಲಿ.

ನೋಟಿಸ್ ಬೋರ್ಡಿನ ಕಾಗದವೂ ಇದೆ. ನಿಮ್ಮ ಸೊಸೈಟಿಯಲ್ಲೂ ಅಂಥದ್ದೊಂದು ಇದ್ದರೆ ಮುಂದಿನ ಸಭೆಯಲ್ಲಿ ಎದ್ದು ನಿಂತು, ಮರಾಠಿಯಲ್ಲಿ, ತಪ್ಪುತಪ್ಪಾಗಿಯಾದರೂ ಸರಿ, ಅದನ್ನು ಕಿತ್ತುಹಾಕಿ ಎಂದು ಹೇಳಿ.